ಚಾಂಪಿಯನ್ ರೀಫ್ಸಿಗೆ ಕಡಲ ಮೀನು ತಂದವಳು

ಸೆಲ್ವಕ್ಕ ಒಣಮೀನನ್ನು ನೋಡುತ್ತಿದ್ದದ್ದು ಕಿವಿಯಿಂದ. ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಮೂಟೆ ಬಿಚ್ಚಿ, ಒಂದನ್ನು ಕಿವಿಯ ಹತ್ತಿರ ಹಿಡಿದು ಲಟಕ್ಕೆಂದು ಮುರಿಯುವಳು. ಸದ್ದು ಬಂದರೆ ಮೂಟೆ ನನ್ನ ಟೆಂಪೋ ಏರಬಹುದು. ಬರದಿದ್ದರೆ ತಂದವನ ಜನ್ಮ ಜಾಲಾಡುವಳು, ಅದೂ ಕನ್ನಡ, ತಮಿಳು, ತೆಲುಗು ಮೂರರಲ್ಲೂ. ಬೂದಿಕೋಟೆ ಕಡೆಯ ನಾನು ಹಾಲಿನ ಕ್ಯಾನು ಸಾಗಿಸಿ ಅಭ್ಯಾಸವಾದವನು. ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ.

"ಒಂದು ಕೈ ಮೂಗಿಗಿಕ್ಕೊಂಡು ಗಾಡಿ ಎಂಗ್ಲಾ ಓಡಿಸ್ತೀಯಾ ತಂಬಿ?" ಎಂದು ನಗುತ್ತಿದ್ದಳು.

ಅವಳ ತವರು ತಮಿಳುನಾಡಿನ ಕಡಲ ದಂಡೆಯ ಬೆಸ್ತರ ಊರು. ಮದುವೆಯಾಗಿ ಸೇರಿದ್ದು ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕೆಲಸಗಾರರ ಮನೆಗೆ. ತವರಿನ ಹೆಂಗಸರು ಒಣಗಿಸಿ ಕಳಿಸಿದ್ದನ್ನು ಇಲ್ಲಿನ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದರು. ಕೊರೊನಾ ಬಂದು ರೈಲು ನಿಂತಿತು. ಅಲ್ಲಿ ದೋಣಿಗಳು ದಡ ಸೇರಿದವು, ಇಲ್ಲಿ ಬುಟ್ಟಿಗಳು ಅಟ್ಟ ಸೇರಿದವು. ಎರಡು ಕಡೆಯೂ ಒಲೆ ಉರಿಯುವುದು ಕಷ್ಟವಾಯಿತು.

ರೈಲು ಮತ್ತೆ ಓಡತೊಡಗಿದಾಗ ಒಬ್ಬ ವ್ಯಾಪಾರಿ ಅವಳ ಬಾಗಿಲಿಗೆ ಬಂದ. ಮಾಲನ್ನು ಲಾರಿಯಲ್ಲಿ ಮನೆಗೇ ಇಳಿಸುತ್ತೇನೆ, ಈ ಊರಿಗೆಲ್ಲ ನೀನೊಬ್ಬಳೇ ಮಾರು ಎಂದ. ಅವನು ತೋರಿಸಿದ್ದು ಉಗುರುದ್ದದ ಮರಿಮೀನು. ಸೆಲ್ವಕ್ಕ ಅದನ್ನು ಮುರಿದೂ ನೋಡಲಿಲ್ಲ.

"ಮೊಟ್ಟೆ ಇಕ್ಕೋಕ್ ಮುಂಚೇನೇ ಬಾಚ್ಕೊಂಡ್ ಬಂದಿದೀರ. ಈ ವರ್ಷ ಇದನ್ ತಿಂದ್ರೆ ಮುಂದಿನ್ ವರ್ಷ ಮಣ್ ತಿನ್ಬೇಕಾ? ಮತ್ತೆ ನಾನೊಬ್ಳೇ ಮಾರಿದ್ರೆ ಮಿಕ್ಕೋರು ಬಾಯಿಗ್ ಬೀಗ ಆಕ್ಕೊಂಡಿರ್ಬೇಕಾ? ಓಗಪ್ಪಾ, ಓಗು."

ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದ್ದಳಲ್ಲ ಎಂದು ನಾನು ರೇಗಿದೆ. ಅವಳು ಕೇಳಿಸಿಕೊಂಡರೆ ತಾನೆ? ಮರುದಿನವೇ ಹೆಂಗಸರನ್ನೆಲ್ಲ ಕೂರಿಸಿ ಬೀದಿ ಹಂಚಿದಳು. ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಕಾಲು ಎಳೆದು ನಡೆಯುವ ಮೇರಿಗೆ, ಗಂಡನನ್ನು ಕೊರೊನಾ ತಿಂದುಹಾಕಿದ್ದ ಮೇರಿಗೆ, ಬೀದಿ ಸುತ್ತುವ ಶಕ್ತಿ ಇರಲಿಲ್ಲ. ಸೆಲ್ವಕ್ಕ ಸಂತೆ ಮೂಲೆಯ ತನ್ನ ಜಾಗವನ್ನೇ ಅವಳಿಗೆ ಬಿಟ್ಟುಕೊಟ್ಟಳು. ಪ್ರಾಯವೆಲ್ಲ ಕುಳಿತು ಗಿರಾಕಿ ಗಳಿಸಿದ್ದ ಜಾಗ! ಆಮೇಲೆ ತಾನು ಸೆರಗು ಸಿಕ್ಕಿಸಿ, ಬುಟ್ಟಿ ಹೊತ್ತು ದಿಬ್ಬದ ಬೀದಿ ಹತ್ತಿದಳು.

"ಮಂಡಿನೋವು ಇಟ್ಕೊಂಡು ಇದೆಲ್ಲ ಬೇಕಾಗಿತ್ತಾ ಅಕ್ಕಾ?" ಎಂದೆ.

"ಕೂತೂ ಕೂತೂನೇ ಕಣ್ಲಾ ನೋವು ಬಂದಿದ್ದು," ಎಂದಳು. ಅಪ್ಪಟ ಸುಳ್ಳು. ಆ ಹೆಂಗಸಿನ ಮೊಂಡುತನ ನನಗೆ ಎಷ್ಟು ಇಷ್ಟವಾಗಿತ್ತೋ ಹೇಳಲಾರೆ.

ವ್ಯಾಪಾರಿ ಸುಮ್ಮನಿರಲಿಲ್ಲ. ಕಡಲ ಕಡೆ ಹೋಗಿ ಅಲ್ಲಿನ ಹೆಂಗಸರಿಗೆ ಮುಂಗಡದ ಆಸೆ ತೋರಿಸಿದ. ಒಣಗಿಸಿದ್ದೆಲ್ಲ ತನಗೇ ಕೊಡಬೇಕು, ಮರಿಮೀನಾದರೂ ಸರಿ ಎಂದ. ಅವರು ಒಪ್ಪಿದರೆ ಇಲ್ಲಿನ ಬುಟ್ಟಿಗಳು ಮತ್ತೆ ಅಟ್ಟಕ್ಕೇ. ಸುದ್ದಿ ತಿಳಿದು ಸೆಲ್ವಕ್ಕ ತವರಿನ ರೈಲು ಹಿಡಿದಳು. ಬಂಗಾರಪೇಟೆಗೆ ಬಿಟ್ಟವನು ನಾನೇ.

"ಯಾವಾಗ ಬತ್ತೀಯಾ ಅಕ್ಕಾ?"

"ದುಡ್ಡು ತೋರಿಸೋನು ದಿನಾ ಬತ್ತಾನೆ ತಂಬಿ. ಬೇಡ ಅನ್ನೋಳೂ ದಿನಾ ಅಲ್ಲಿರ್ಬೇಕು. ನಾನ್ ಬರಲ್ಲ, ಮೀನು ಬತ್ತದೆ." ಕಿಟಕಿಯಿಂದ ನನ್ನ ಕೆನ್ನೆ ತಟ್ಟಿದಳು.

ಕೆಲವು ವಾರ ಸ್ಟೇಷನ್ನಿನಿಂದ ಖಾಲಿ ಗಾಡಿ ತಂದೆ. ಆಮೇಲೊಂದು ಬೆಳಿಗ್ಗೆ ಮೂಟೆಗಳು ಬಂದವು. ಒಳಗೆ ಬಲಿತ ಮೀನು, ಒಂದೂ ಮರಿಯಿಲ್ಲ. ಸಂತೆ ಮೂಲೆಯಲ್ಲಿ ಮೂಟೆ ಇಳಿಸುವಾಗ ಮೇರಿ ಗಾಡಿಯೊಳಗೆ ಇಣುಕಿದಳು.

"ಅಕ್ಕ ಎಲ್ಲಿ?"

"ಅಲ್ಲೇ ನಿಂತ್ಲು, ಇನ್ ಬರಲ್ಲ."

ಮೇರಿ ಎಲ್ಲರೆದುರೇ ಅತ್ತಳು. ನಾನೂ ಅತ್ತೆ. ಆಮೇಲೆ ಅವಳು ಮುಖ ಒರೆಸಿಕೊಂಡು, "ನಿಂತ್ಕೊಂಡು ಏನ್ ನೋಡ್ತೀಯಾ? ಬೀದಿ ಸುತ್ತಿ ಮಾರೋರು ಕಾಯ್ತಾವ್ರೆ, ಅವರ ಮೂಟೆ ತಕ್ಕೊಂಡ್ ಓಗು," ಎಂದು ನನ್ನನ್ನು ಗದರಿದಳು.