ಪಕ್ಕೆಲುಬು ಕಾಣುವ ನಾಯಿ

ನಾಯಿಯಲ್ಲಿ ಶುದ್ಧ ತಳಿ ಮೇಲೋ ಬೆರಕೆ ಮೇಲೋ ಎಂಬ ಮಾತು ಬಂದರೆ ನಾನು ಸುಮ್ಮನೆ ಕೂರುವವಳಲ್ಲ. ಮದುವೆ ಮನೆಯಾದರೂ ಸರಿ, ಸೊಸೈಟಿ ಕಟ್ಟೆಯಾದರೂ ಸರಿ, ನಡುವೆ ಬಾಯಿ ಹಾಕಿಯೇ ಹಾಕುತ್ತೇನೆ. ಅರ್ಧ ಮುಧೋಳ, ಅರ್ಧ ಊರುನಾಯಿ. ನಮ್ಮ ಕಡೆಯ ಕೆಲಸಕ್ಕೆ ಇದಕ್ಕಿಂತ ಮೇಲಾದ ನಾಯಿ ಇಲ್ಲ. ಅಲ್ಲ ಎನ್ನುವವರು ತಮ್ಮ ನಾಯಿಯನ್ನೂ ಕರೆದುಕೊಂಡು ಬರಲಿ, ನಮ್ಮ ಬ್ಯಾಣದಲ್ಲಿ ಬಿಟ್ಟು ನೋಡೋಣ.

ನನ್ನ ತವರು ಬನವಾಸಿ ಕಡೆ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಕುರಿಮಂದೆ ತರುಬುತ್ತಿದ್ದರು. ಕುರುಬರ ಜೊತೆ ಉದ್ದ ಮೂತಿಯ, ಒಣಕಲು ಸೊಂಟದ ಮುಧೋಳ ನಾಯಿಗಳು ಬರುತ್ತಿದ್ದವು. ನಮ್ಮ ಅಪ್ಪ ತನ್ನ ಕಂದು ಬಣ್ಣದ ಹೆಣ್ಣು ಊರುನಾಯಿಗೆ ಅವುಗಳಲ್ಲೊಂದರ ಜೋಡಿ ಮಾಡಿಸುತ್ತಿದ್ದ. ಮರಿಗಳಲ್ಲಿ ಕುರುಬನಿಗೆ ಒಂದು, ಅಪ್ಪನಿಗೆ ಒಂದು, ಉಳಿದವು ಕೇಳಿದವರಿಗೆ. ಹೆಣ್ಣುಮರಿಯನ್ನು ಯಾರೂ ಕೇಳುತ್ತಿರಲಿಲ್ಲ. ಹಾಗೆ ಉಳಿದ ಒಂದು ಹೆಣ್ಣುಮರಿ, ನನ್ನ ಮದುವೆಯಾದ ಎರಡನೆಯ ವರ್ಷ, ನನ್ನ ಪಾಲಿಗೆ ಬಂತು.

ಮದುವೆಯಾಗಿ ನಾನು ಬಂದದ್ದು ಸಿದ್ದಾಪುರದ ಅಡಿಕೆ ತೋಟದವರ ಮನೆಗೆ. ಜಾತಿ ಬೇರೆ, ಮಾತು ಬೇರೆ, ಸಾರಿನ ರುಚಿಯೂ ಬೇರೆ. ತೋಟ ನೋಡಿಕೊಂಡಿರುವ ಗಂಡಿಗೆ ತಮ್ಮವರಲ್ಲಿ ಹೆಣ್ಣು ಸಿಗದೆ ವಯಸ್ಸು ನಲವತ್ತರ ಹತ್ತಿರ ಬರುವುದು ಈ ಕಡೆ ಹೊಸ ಸಂಗತಿಯಲ್ಲ. ನನ್ನ ಗಂಡನೂ ಅಂಥವರಲ್ಲೊಬ್ಬರು. ಒಳ್ಳೆಯವರು ಎಂದು ನೋಡಿಯೇ ಒಪ್ಪಿದೆ. ಆದರೆ ಊರಿಗೆ ಊರೇ ನನ್ನನ್ನು ನೋಡಲು ಬಂದು, ಕಾಫಿ ಕುಡಿದು, ನಾನು ಒಳಗೆ ಹೋದದ್ದೇ ದನಿ ತಗ್ಗಿಸುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನನ್ನ ಕಿವಿ ಚುರುಕು.

ಮರಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಬದಲಿಸುವಾಗ ಅದು ತಲೆ ಹೊರಗೆ ಹಾಕಿತು. ಕಂಡಕ್ಟರ್ ನೋಡಿ, "ಇದೇನ್ರಿ ಅಕ್ಕಾರ, ನಾಯಿನೋ ಇಲಿನೋ?" ಎಂದ. "ಎಂಟು ತಿಂಗಳು ಬಿಟ್ಟು ಬರ್ರಿ, ತೋರಸ್ತೀನಿ" ಎಂದೆ. ಅವನು ನಕ್ಕು ಟಿಕೆಟ್ ಹರಿದುಕೊಟ್ಟ.

ಬ್ಯಾಣ ಎಂದರೆ ಕಾಡಿಗೂ ತೋಟಕ್ಕೂ ನಡುವಿನ ಹುಲ್ಲುಬಯಲು. ನಮ್ಮ ಬ್ಯಾಣ ಇಳಿದರೆ ಪಕ್ಕದವರ ಗದ್ದೆ, ಅದರಾಚೆ ನಮ್ಮ ಬಾಳೆ, ತೋಟ. ಮಂಗಗಳು ಕಾಡಿನಿಂದ ಬಾಳೆಗೆ ಬರಬೇಕಾದರೆ ಈ ಬಯಲು ದಾಟಲೇಬೇಕು. ಒಮ್ಮೆ ತೋಟದ ಮರ ಹತ್ತಿದವೆಂದರೆ ಮುಗಿಯಿತು, ಆಮೇಲೆ ಯಾವ ನಾಯಿಯಾದರೂ ಕೆಳಗೆ ನಿಂತು ಗಂಟಲು ಹರಿದುಕೊಳ್ಳುವುದಷ್ಟೇ. ಊರುನಾಯಿ ಮಾಡುವುದು ಅದನ್ನೇ. ಅದು ಮೂಗು ನಂಬಿದ ಪ್ರಾಣಿ. ವಾಸನೆ ಬಂದ ಮೇಲೆ ಎದ್ದು, ಇನ್ನೂ ನೂರು ಮಾರು ದೂರ ಇರುವಾಗಲೇ ಬೊಗಳಿ, 'ಬಂದೆ ಬಂದೆ' ಎಂದು ಮಂಗನಿಗೆ ಮುಂಚಿತವಾಗಿ ಸುದ್ದಿ ಕೊಡುತ್ತದೆ. ಮುಧೋಳದ ರಕ್ತ ಹಾಗಲ್ಲ. ಅದು ಕಣ್ಣಿನಿಂದ ಬೇಟೆಯಾಡುವ ರಕ್ತ. ಬ್ಯಾಣದ ಆ ತುದಿಯಲ್ಲಿ ಬಾಲವೊಂದು ಅಲುಗಿದರೆ ಈ ತುದಿಯಲ್ಲಿ ಎದ್ದು ನಿಲ್ಲುತ್ತದೆ. ಬೊಗಳುವುದಿಲ್ಲ. ಓಡುತ್ತದೆ, ಅಷ್ಟೇ.

ಹಾಗಾದರೆ ಶುದ್ಧ ಮುಧೋಳವನ್ನೇ ತರಬಹುದಲ್ಲ ಎನ್ನುತ್ತೀರಿ. ತಂದವರಿದ್ದಾರೆ. ಯಲ್ಲಾಪುರದಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ ಕಾಗದಪತ್ರ ಸಮೇತ ತಂದರು. ಆಷಾಢ ಪೂರ್ತಿ ಅದು ಬಚ್ಚಲ ಒಲೆಯ ಮುಂದಿನಿಂದ ಏಳಲಿಲ್ಲ. ಚರ್ಮ ಎಷ್ಟು ತೆಳುವೆಂದರೆ ಮುಳ್ಳುಬೇಲಿ ಸೋಕಿದರೆ ಹೊಲಿಗೆ ಹಾಕಿಸಬೇಕು. ಮಳೆ ಬಿಟ್ಟ ಮೇಲೆ ಒಂದು ದಿನ ಮಂಗನ ಹಿಂದೆ ಓಡಿತು ನೋಡಿ, ಮೂರು ಊರು ದಾಟಿ ಹೋಯಿತು, ಮನೆಗೆ ಬರಲು ಗೊತ್ತಾಗಲಿಲ್ಲ. ಜೀಪು ಮಾಡಿ ಕರೆದುಕೊಂಡು ಬಂದರು. ಓಟ ಅಪ್ಪನಿಂದ ಬರಲಿ, ಮನೆಗೆ ತಿರುಗುವ ಬುದ್ಧಿ, ಮಳೆ ತಡೆಯುವ ಚರ್ಮ, ರಕ್ತ ಹೀರುವ ಉಂಬಳ ಹತ್ತಿದರೂ ಲೆಕ್ಕಿಸದ ಪಾದ, ಮಜ್ಜಿಗೆ ಅನ್ನ ತಿಂದು ಬದುಕುವ ಹೊಟ್ಟೆ ತಾಯಿಯಿಂದ ಬರಲಿ. ಬೆರಕೆಯ ಗುಟ್ಟು ಇಷ್ಟೇ.

ನನ್ನ ನಾಯಿ ಒಂದು ವರ್ಷದ್ದಾಗುವಾಗ ಒಂದು ತಪ್ಪು ಮಾಡಿತು. ಮಂಗನ ಹಿಂದೆ ಬಿದ್ದು ಪಕ್ಕದವರ ಅಗೆ ಸಸಿಯ ಮಡಿಯನ್ನು ಈ ಕಡೆಯಿಂದ ಆ ಕಡೆಗೆ ತುಳಿಯಿತು. ನಾಟಿಗೆ ಇಟ್ಟ ಭತ್ತದ ಸಸಿ. ಪಕ್ಕದವರು ಅಂಗಳಕ್ಕೆ ಬಂದು ನನ್ನ ಗಂಡನ ಹತ್ತಿರ ಹೇಳಿದರು. "ಕಟ್ಟಿ ಹಾಕವು, ಇಲ್ದಿದ್ರೆ ಕಳಸವು. ಬೆರಕೆ ಜಾತಿಗೆ ಬುದ್ಧಿ ಇರ್ತಿಲ್ಲೆ ಮಾರಾಯ." ಹಾಕವು, ಕಳಸವು ಎಂದರೆ ಇವರ ಮಾತಿನಲ್ಲಿ ಹಾಕಬೇಕು, ಕಳಿಸಬೇಕು. ಹೇಳಿದ್ದು ನಾಯಿಗೇ ಇರಬಹುದು. ಆದರೆ ನಾನು ಆಗ ಮೂರು ತಿಂಗಳ ಬಸುರಿ, ಬಾಗಿಲಲ್ಲೇ ನಿಂತಿದ್ದೆ. ಆ ಮಾತು ನನ್ನ ಹೊಟ್ಟೆಗೆ ಬಂದು ತಾಗಿತು.

ನನ್ನ ಗಂಡ ಜಗಳದ ಮನುಷ್ಯರಲ್ಲ. "ದೊಡ್ಡಬ್ಬದವರೆಗೆ ನೋಡನ" ಎಂದರು. ದೀಪಾವಳಿಗೆ ಇಲ್ಲಿ ಹಾಗೆನ್ನುತ್ತಾರೆ. "ಅಷ್ಟರೊಳಗೆ ಹೇಳಿದ ಮಾತು ಕೇಳಿ ಮಂಗ ಓಡಿಸಿದ್ರೆ ಸೈ. ಇಲ್ದಿದ್ರೆ ನಿನ್ನ ಅಪ್ಪನ ಮನೆಗೆ ಬಿಟ್ಟಿಕ್ಕಿ ಬಪ್ಪದು."

"ಬಿಟ್ಟು ಬರೂದಾದ್ರ ಇಬ್ರನ್ನೂ ಬಿಟ್ಟು ಬರ್ರಿ" ಎಂದೆ. ಅವರು ಸುಮ್ಮನೆ ನಕ್ಕರು. ನಾನು ನಗಲಿಲ್ಲ.

ಆವತ್ತಿನಿಂದ ಬೆಳಿಗ್ಗೆ ಸಂಜೆ ನನಗೆ ಅದೇ ಕೆಲಸ. ಸಿಳ್ಳೆ ಹಾಕಿದರೆ ತಿರುಗಬೇಕು, ಗದ್ದೆ ಅಂಚಿನ ಮೇಲೆ ಓಡಬೇಕೇ ಹೊರತು ಒಳಗೆ ಇಳಿಯಬಾರದು. ನಾಯಿ ಬೇಗ ಕಲಿಯಿತು. ಆದರೆ ನವರಾತ್ರಿಯ ಹೊತ್ತಿಗೆ ಅದರ ಓಟ ಮಂದವಾಗುತ್ತ ಬಂತು. ಕಾಯಿಲೆಯೇನೋ ಎಂದು ಮೂಗು ಮುಟ್ಟಿ ನೋಡಿದೆ, ತಣ್ಣಗಿತ್ತು. ಹಬ್ಬ ಕಳೆದ ಒಂದು ಬೆಳಿಗ್ಗೆ ಹತ್ತು ಹನ್ನೆರಡು ಮಂಗಗಳು ಬ್ಯಾಣಕ್ಕೆ ಇಳಿದವು. ನಾಯಿ ಎದ್ದಿತು, ಓಡಿತು, ಅರ್ಧ ಬಯಲು ದಾಟಿದ್ದೇ ನಾಲಿಗೆ ಹೊರಗೆ ಹಾಕಿ ಕೂತುಬಿಟ್ಟಿತು. ಮಂಗಗಳು ನಮ್ಮ ಪಂಪ್‌ಶೆಡ್ಡಿನ ಮೇಲೆ ಕೂತು, ನಮ್ಮದೇ ಬಾಳೆಕಾಯಿ ಸುಲಿದು, ನಮ್ಮನ್ನೇ ನೋಡುತ್ತ ತಿಂದವು. ಗದ್ದೆಯಲ್ಲಿದ್ದ ಪಕ್ಕದವರು ಕೂಗಿ ಹೇಳಿದರು. "ಹೋಯ್, ನಿಂಗ್ಳ ಬೆರಕೆ ಕೂತ್ಕಂಡ್ತಲೆ!"

ಅಳು ಬಂತು. ಸಿಟ್ಟಿಗೆ ಬಂದ ಅಳು. ಒಳಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ.

"ಪಕ್ಕಡಿ ಕಾಣ್ತಾವೇನವ್ವ ಅದಕ್ಕ?"

ಅಂಗಳಕ್ಕೆ ಹೋಗಿ ನೋಡಿದೆ. ಪಕ್ಕೆಲುಬು ಒಂದೂ ಕಾಣುತ್ತಿರಲಿಲ್ಲ. ದಿನಾ ನೋಡುತ್ತಿದ್ದ ನನಗೆ ಅದು ಉಬ್ಬುತ್ತ ಬಂದದ್ದೇ ತಿಳಿದಿರಲಿಲ್ಲ.

"ಇಲ್ಲಪ್ಪ" ಎಂದೆ.

"ಹಂಗಾರ ನಾಯಿದೇನೂ ತಪ್ಪಿಲ್ಲ. ಓಡೂ ನಾಯಿಗೆ ಮೂರು ಪಕ್ಕಡಿ ಕಾಣಬೇಕು. ನಿಮ್ಮ ಅಡಗಿ ಮನ್ಯಾಗ ಹುಡುಕು ಹೋಗು."

ಅಡುಗೆ ಮನೆ ಎಂದರೆ ಅತ್ತೆ. ಆ ಮಧ್ಯಾಹ್ನ ಊಟವಾದ ಮೇಲೆ ಮಲಗಿದಂತೆ ಮಾಡಿ ಕಿಟಕಿಯಲ್ಲಿ ಕಾದೆ. ಅತ್ತೆ ಬಾಳೆಲೆಯೊಂದನ್ನು ಸೆರಗಿನಡಿ ಹಿಡಿದು ಕೊಟ್ಟಿಗೆಯ ಹಿಂದೆ ಹೋದರು. ನಾನೂ ಹೋದೆ. ಎಲೆಯಲ್ಲಿ ಬೆಲ್ಲ ಕಲಸಿದ ಅನ್ನ, ಮೇಲೆ ತುಪ್ಪ ಹರಿಯುತ್ತಿತ್ತು. ನಾಯಿ ಬಾಲ ಆಡಿಸುತ್ತ ತಿನ್ನುತ್ತಿದ್ದ ರೀತಿ ನೋಡಿದರೆ ಇದು ಒಂದೆರಡು ದಿನದ ಸಂಗತಿಯಲ್ಲವೆಂದು ಗೊತ್ತಾಯಿತು.

ನಾನು ಆಡಬಾರದ ಮಾತು ಆಡಿದೆ. "ನಾಯಿ ಕಳಸಾಕ ಇದ ದಾರಿ ಸಿಕ್ತೇನ್ರಿ ಅತ್ತಿ? ಬೆರಕಿ ಬ್ಯಾಡ ಅಂದ್ರ ನೆಟ್ಟಗ ಹೇಳ್ರಿ. ನನ್ನನ್ನೂ ಸೇರಿಸಿ ಹೇಳ್ರಿ."

ಅತ್ತೆ ಗಾಬರಿಯಾಗಿ ಎದ್ದು ನಿಂತರು. ಕೈಯೆಲ್ಲ ತುಪ್ಪ. ಬಸುರು ಹೊತ್ತು ಜಗಳಕ್ಕೆ ನಿಂತ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, "ಎಂತ ಹೇಳ್ತೆ ಕೂಸೆ?" ಎಂದರು. "ಕಳಸೂಲೆ ಯಾರಾದ್ರೂ ತುಪ್ಪ ಹಾಕ್ತ್ವ? ಬಂದವೆಲ್ಲ ಕೇಳ್ತ, ನಿಂಗ್ಳ ಮನೆ ನಾಯಿಗೆ ಊಟ ಇಲ್ಯಾ ಹೇಳಿ. ಈ ಮನೆಗೆ ಬಂದ ಜೀವದ್ದು ಎಲುಬು ಕಂಡ್ರೆ ಯಂಗೆ ನಾಚಿಕೆ ಆಗ್ತು. ನೀನು ಬಂದಾಗ್ಲೂ ಎಲ್ಲ ಹಿಂಗೇ ಕೇಳಿದ್ದ."

ಮದುವೆಯಾಗಿ ಬಂದಾಗ ನಾನು ಕಡ್ಡಿಯಂತಿದ್ದೆ. ಮೊದಲ ವರ್ಷವಿಡೀ ಬೆಳಗಿನ ತೆಳ್ಳೇವು ದೋಸೆಯ ಮೇಲೆ ಎಲ್ಲರಿಗೂ ಒಂದು ಚಮಚ ತುಪ್ಪ ಬಿದ್ದರೆ ನನಗೆ ಎರಡು ಬೀಳುತ್ತಿತ್ತು. 'ಇವಳು ತುಪ್ಪ ಕಾಣದ ಮನೆಯಿಂದ ಬಂದವಳು' ಎಂದು ಹಂಗಿಸುವುದಕ್ಕೇ ಹಾಕುತ್ತಾರೆ ಎಂದು ನಾನು ತಿಳಿದಿದ್ದೆ. ಎಷ್ಟೋ ದಿನ ಆ ಎರಡನೆಯ ಚಮಚದ ತುಪ್ಪವನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದಿದ್ದೇನೆ. ಬೇಕೆಂದೇ, ಅವರಿಗೆ ಕಾಣುವ ಹಾಗೆ. ಅವರು ಒಂದು ದಿನವೂ ಏನೂ ಅಂದಿರಲಿಲ್ಲ, ಮರುದಿನ ಮತ್ತೆ ಎರಡು ಚಮಚ ಹಾಕುತ್ತಿದ್ದರು. ಕೊಟ್ಟಿಗೆಯ ಹಿಂದೆ ನಿಂತು ಅದೆಲ್ಲ ನೆನಪಾಗಿ ನನಗೆ ನಾಚಿಕೆಯಾಯಿತು. ನಾಯಿಯ ವಿಷಯದಲ್ಲಿ ನಾನು ಸೋತವಳಲ್ಲ, ಇವತ್ತಿಗೂ ಇಲ್ಲ. ಆದರೆ ಅತ್ತೆಯ ವಿಷಯದಲ್ಲಿ ನನ್ನ ಲೆಕ್ಕ ಪೂರ್ತಿ ತಪ್ಪಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಅಲ್ಲೇ ಹುಲ್ಲಿನ ಹೊರೆಯ ಮೇಲೆ ಕೂತು ಅವರಿಗೆ ವಿವರಿಸಿದೆ. ಈ ನಾಯಿಯ ಅಪ್ಪನ ಕಡೆಯವರೆಲ್ಲ ಹೀಗೇ, ಹೊಟ್ಟೆ ಬೆನ್ನಿಗೆ ಹತ್ತಿದ್ದರೇ ಓಡುವುದು, ಎಲುಬು ಕಾಣುವುದು ಹಸಿವೆಯಲ್ಲ ಎಂದೆ. ದೊಡ್ಡಹಬ್ಬಕ್ಕೆ ಮೂರು ವಾರ ಉಳಿದಿದೆ, ಓಡದಿದ್ದರೆ ಕಳಿಸಿಬಿಡುತ್ತಾರೆ ಎಂದೆ. ಅತ್ತೆ ನಾಯಿಯ ಪಕ್ಕೆ ತಡವಿ ನೋಡಿದರು. "ಹಂಗಾರೆ ಏಕಾದಶಿ ಮಾಡಲಿ" ಎಂದರು.

ತಮಾಷೆಗಲ್ಲ. ಅತ್ತೆ ಏನನ್ನೂ ಅರ್ಧಂಬರ್ಧ ಮಾಡುವವರಲ್ಲ. ಮುಂದಿನ ಏಕಾದಶಿಗೆ ಅವರಿಗೂ ಊಟವಿಲ್ಲ, ನಾಯಿಗೂ ಊಟವಿಲ್ಲ. ಉಳಿದ ದಿನ ಅಳೆದು ಒಂದು ಸೌಟು ಅನ್ನ, ನೀರು ಮಜ್ಜಿಗೆ, ಒಂದು ಮೊಟ್ಟೆ. ಆ ಮೊಟ್ಟೆಯನ್ನು ಹೊರಗೆ ನಾನೇ ಬೇಯಿಸುತ್ತಿದ್ದೆ, ಅತ್ತೆ ನೋಡಿಯೂ ನೋಡದಂತೆ ಇರುತ್ತಿದ್ದರು. ಮೊದಲ ವಾರ ನಾಯಿ ಕೊಟ್ಟಿಗೆಯ ಹಿಂದೆ ಹೋಗಿ ಕಾದು ಕೂರುತ್ತಿತ್ತು. ಅತ್ತೆ ಅಡುಗೆ ಮನೆಯಲ್ಲಿ ಕಣ್ಣೊರೆಸಿಕೊಂಡರೂ ಎಲೆ ಹಿಡಿದು ಹೋಗಲಿಲ್ಲ. ಎರಡನೆಯ ವಾರ ಒಂದು ಪಕ್ಕೆಲುಬು ಕಂಡಿತು. "ಒಂದು ಬಂತು" ಎಂದು ನನಗೆ ಕೂಗಿ ಹೇಳಿದವರು ಅತ್ತೆಯೇ.

ದೊಡ್ಡಹಬ್ಬಕ್ಕೆ ಮೂರು ದಿನ ಇರುವಾಗ ಮಂಗಗಳು ಮತ್ತೆ ಬಂದವು. ಪಕ್ಕದವರ ಗದ್ದೆ ಕೊಯ್ಲಿಗೆ ನಿಂತಿತ್ತು, ಅವರು ಅಂಚಿನ ಮೇಲೇ ಇದ್ದರು. ನಮ್ಮ ನಾಯಿ ಸದ್ದಿಲ್ಲದೆ ಎದ್ದಿತು. ಮಂಗಗಳು ನೋಡುವಷ್ಟರಲ್ಲಿ ಅದು ಬ್ಯಾಣದ ನಡುವಿನಲ್ಲಿತ್ತು. ಬಯಲಿನಲ್ಲಿ ಸಿಕ್ಕಿಬಿದ್ದ ಮಂಗ ಓಡುವುದನ್ನು ನೀವು ನೋಡಿರಲಿಕ್ಕಿಲ್ಲ, ನಾವೂ ಅಲ್ಲಿಯವರೆಗೆ ನೋಡಿರಲಿಲ್ಲ. ಗುಂಪಿನ ದೊಡ್ಡ ಗಂಡು ಮತ್ತಿ ಮರಕ್ಕೆ ಹಾರಿದಾಗ ಅದರ ಬಾಲಕ್ಕೂ ನಾಯಿಯ ಮೂತಿಗೂ ಗೇಣು ಅಂತರ. ಒಂದು ಮರಿಮಂಗ ಮಾತ್ರ ದಿಕ್ಕು ತಪ್ಪಿ ಭತ್ತದೊಳಗೆ ನುಗ್ಗಿತು. ನಾಯಿ ಅಂಚಿನವರೆಗೆ ಬಂತು. ನಾನು ಸಿಳ್ಳೆ ಹಾಕಿದೆ. ಅದು ನಿಂತು, ಭತ್ತವನ್ನು ನೋಡಿ, ನನ್ನನ್ನು ನೋಡಿ, ತಿರುಗಿ ಬಂತು. ಓಡಿದ್ದು ಅಪ್ಪನ ರಕ್ತ, ತಿರುಗಿದ್ದು ತಾಯಿಯದು. ಪಕ್ಕದವರಿಗೆ ಕೇಳುವ ಹಾಗೆ ಇದನ್ನು ದೊಡ್ಡ ದನಿಯಲ್ಲೇ ಹೇಳಿದೆ. ಅವರು ಕತ್ತಿ ಮಸೆಯುತ್ತ ಕೂತರು. ಮರುವರ್ಷ ಮರಿ ಕೇಳಲು ಬಂದ ಮೊದಲಿಗರು ಅವರೇ.

ಹಬ್ಬಕ್ಕೆ ಯಲ್ಲಾಪುರದಿಂದ ಅತ್ತೆಯ ತಂಗಿ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಅಯ್ಯೋ, ಈ ನಾಯಿಗೆ ಅನ್ನ ಇಲ್ಯಾ? ಎಲುಬೆಲ್ಲ ಕಾಣ್ತಲೇ ಅಕ್ಕಾ. ಎಂತ ಜಾತಿ ಇದು?"

ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು. "ಬೆರಕೆ. ಎಲುಬು ಕಾಣವು ಅದ್ರದ್ದು. ಮೂರು ಇದ್ದು, ಬೇಕಾದ್ರೆ ಎಣಿಸ್ಕ."

ಊಟಕ್ಕೆ ಕೂತಾಗ ನನ್ನ ಎಲೆಗೆ ಒಂದು ಚಮಚ ತುಪ್ಪ ಬಿತ್ತು, ಎರಡನೆಯದೂ ಬಿತ್ತು. ಮೂರನೆಯದಕ್ಕೆ ನಾನು ಕೈ ಅಡ್ಡ ಹಿಡಿದು, "ನಾಯಿಗೊಂದು ನ್ಯಾಯ, ನನಗೊಂದು ನ್ಯಾಯ ಏನ್ರಿ ಅತ್ತಿ?" ಎಂದೆ.

ಅತ್ತೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಅದು ಓಡವು. ನೀನು ಇಲ್ಲೇ ಇರವು. ತಿನ್ನು."