ಕೆಂಪಿ ಕೋಳಿಯ ಮೊಕದ್ದಮೆ

ಆ ಕಾಲದಲ್ಲಿ ಬೈರಾಪಟ್ಟಣದ ನಮ್ಮ ಮನೆಯಲ್ಲಿ ದೇವರಿಗಿಂತ ಹೆಚ್ಚಾಗಿ ನೆನೆಯುತ್ತಿದ್ದುದು ಚನ್ನಪಟ್ಟಣದ ಕೋರ್ಟನ್ನು. ತಾತನ ಹೊಲದ ಬದುವಿನ ಕೇಸು ನಾನು ಹುಟ್ಟುವ ಮೊದಲಿನಿಂದ ಅಲ್ಲಿ ನಡೆಯುತ್ತಿತ್ತು. ನಡೆಯುತ್ತಿತ್ತು ಎಂಬುದು ಗೌರವಕ್ಕೆ ಹೇಳುವ ಮಾತು. ಅದು ಕೂತೇ ಇತ್ತು. ತಾತ ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಹೋಗಿ, ಸಂಜೆ ಕಡ್ಲೆಪುರಿ ಪೊಟ್ಟಣದ ಜೊತೆಗೆ 'ವಾಯಿದೆ' ಎಂಬ ಒಂದು ಮಾತನ್ನು, ಅಂದರೆ ಮುಂದಿನ ತಾರೀಖನ್ನು, ತರುತ್ತಿದ್ದರು. ಹಾಗಾಗಿ ಜಡ್ಜ್ ಎಂದರೆ ವಾಯಿದೆ ಕೊಡುವವರು ಎಂದೇ ನಾವು ಮಕ್ಕಳು ನಂಬಿದ್ದೆವು. ನಮ್ಮ ಕೋರ್ಟ್ ಆಟದಲ್ಲಿ ಕರಿ ಕಂಬಳಿ ಹೊದ್ದು ಜಗಲಿ ಮೇಲೆ ಕೂರುತ್ತಿದ್ದ ಚಿಕ್ಕಪ್ಪನ ಮಗ ನಾಗರಾಜ, ಹುಣಸೆಕಾಯಿ ಕದ್ದವರಿಗೂ ಕದಿಯದವರಿಗೂ ಸಮನಾಗಿ ವಾಯಿದೆ ದಯಪಾಲಿಸುತ್ತಿದ್ದ.

ಒಂದು ದಿನ ರೇಡಿಯೋ ಹೇಳಿತು: ದೇಶದ ಸುಪ್ರೀಂ ಕೋರ್ಟಿಗೆ ಮೊದಲ ಬಾರಿಗೆ ಹೆಣ್ಣುಮಗಳೊಬ್ಬರು ನ್ಯಾಯಮೂರ್ತಿಯಾಗಿದ್ದಾರೆ.

"ಹೆಣ್ಣ್ ಜಡ್ಜಾ?" ಎಂದರು ತಾತ. "ಮನೇಲಿ ಮುದ್ದೆ ಕಟ್ಟೋರ್ಯಾರು?"

"ಗಂಡ ಕಟ್ತಾನೆ. ಕೈ ಐತಲ್ಲ," ಎಂದರು ಒಳಗಿಂದ ಅಜ್ಜಿ.

ಮರುದಿನ ಅತ್ತೆ ಮಗಳು ಜಯಕ್ಕ ಜಗಲಿ ಏರಿ ಕಂಬಳಿ ಎಳೆದುಕೊಂಡಳು. ಜಗಲಿ ಗಂಡಸರ ಜಾಗ. ಹೆಂಗಸರು ಹೊಸ್ತಿಲ ಒಳಗೆ.

"ಹುಡ್ಗೀರು ಇಲ್ಲಿ ಕೂರಂಗಿಲ್ಲ ಕಣೆ," ಎಂದ ನಾಗರಾಜ.

"ದಿಲ್ಲೀಲೇ ಕೂತವ್ರೆ. ಬೈರಾಪಟ್ಟಣದ ಜಗಲಿ ಏನು ಅದಕ್ಕಿಂತ ಎತ್ರವಾ?"

ಅದೇ ವಾರ ನಮ್ಮ ರೇಷ್ಮೆಹುಳ ಹಣ್ಣಾಗಿದ್ದವು. ಗೂಡು ಕಟ್ಟಲೆಂದು ಹುಳಗಳನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟು, ಚಂದ್ರಿಕೆಗಳನ್ನು ಅಂಗಳದ ಚಪ್ಪರದಡಿ ಒರಗಿಸಿದ್ದರು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ನಮ್ಮ ಊಟದಲ್ಲೂ ಇತ್ತು. ಕೋಲು ಹಿಡಿದು ಕಾಗೆ, ಕೋಳಿ ಕಾಯುವುದು ತಾತನ ಪಾಲಿನ ಕೆಲಸ. ಒಂದು ಮಧ್ಯಾಹ್ನ ತಾತನ ಬೊಬ್ಬೆ ಕೇಳಿ ಓಡಿದರೆ, ನಾನು ಮರಿಯಿಂದ ಸಾಕಿದ ಕೆಂಪಿ ಕೋಳಿ ಚಂದ್ರಿಕೆಯ ಮುಂದೆ ಸಂತೃಪ್ತಿಯಿಂದ ಕೊಕ್ಕು ಒರೆಸಿಕೊಳ್ಳುತ್ತಿತ್ತು.

"ಇವತ್ತೇ ಸಾರು," ಎಂದರು ತಾತ. ಅಜ್ಜಿ ಆಗಲೇ ಮಸಾಲೆಗೆ ಕೊತ್ತಂಬರಿ ಹುರಿಯತೊಡಗಿದ್ದರು. ನಾನು ಕೆಂಪಿಯನ್ನು ಅವುಚಿಕೊಂಡು ಅಳತೊಡಗಿದೆ.

"ಕೇಸ್ ನಡೀಲಿ," ಎಂದಳು ಕಂಬಳಿ ಹೊದ್ದು ಜಗಲಿ ಮೇಲೆ ಕೂತ ಜಯಕ್ಕ. ಕೋರ್ಟು ಎಂದರೆ ತಾತನಿಗೆ ಇಲ್ಲವೆನ್ನಲು ಬಾರದು. ಬಂದು ಕೈಕಟ್ಟಿ ನಿಂತರು.

ಕೆಂಪಿಯ ವಕೀಲೆ ನಾನೇ. ನನಗೆ ಗೊತ್ತಿದ್ದ ಕಾನೂನು ಒಂದೇ. "ವಾಯಿದೆ ಕೊಡಿ," ಎಂದೆ.

"ವಾಯಿದೆ ಇಲ್ಲ. ಇವತ್ತೇ ತೀರ್ಪು."

ಜಯಕ್ಕ ತಾತನ ಕಡೆ ತಿರುಗಿದಳು. "ಕೋಳಿ ಹುಳ ತಿನ್ನೋದು ನೀವು ಕಂಡ್ರಾ?"

"ಕಂಡೆ ಕಣವ್ವ. ಎದ್ದು ನೋಡ್ತೀನಿ, ಅರ್ಧ ಚಂದ್ರಿಕೆ ಖಾಲಿ."

"ಎದ್ದು ಅಂದ್ರೆ?"

ತಾತ ಚಪ್ಪರ ನೋಡಿದರು, ಕೋಲು ನೋಡಿದರು. "ಒಸಿ ಒರಗಿದ್ದೆ."

ಅಡುಗೆಮನೆಯಲ್ಲಿ ಹುರಿಯುವ ಸದ್ದು ನಿಂತಿತು.

"ಹುಳ ಕಂಡ್ರೆ ತಿನ್ನೋದು ಕೋಳಿ ಕೆಲ್ಸ, ಮಾಡ್ತು. ಕಾಯೋದು ತಾತನ ಕೆಲ್ಸ, ಆಗ್ಲಿಲ್ಲ. ಕೋಳಿ ಬಿಡುಗಡೆ. ಗೂಡು ಬಿಡಿಸೋಗಂಟ ತಾತ ಹಗಲೊತ್ತು ಮಲಗಂಗಿಲ್ಲ."

"ಮೇಲಿನ ಕೋರ್ಟಿಗೆ ಹೋಯ್ತೀನಿ," ಎಂದರು ತಾತ.

"ಹೋಗಿ. ಅಲ್ಲೂ ಹೆಂಗಸೇ ಅವ್ರೆ."

ತಾತ ಕೋಲೆತ್ತಿಕೊಂಡು ಚಪ್ಪರದ ಕಡೆ ನಡೆದರು. "ನಮ್ ಬದೂನ ಕೇಸೂ ಇವಳ್ ಕೈಗೇ ಕೊಡ್ಬೇಕಿತ್ತು," ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಅಂದು ರಾತ್ರಿ ಊಟಕ್ಕೆ ಸೊಪ್ಪಿನ ಬಸ್ಸಾರು.

ಈಗ ಆ ಜಗಲಿ ಇಲ್ಲ. ಇದ್ದ ಜಾಗದಲ್ಲಿ ನಾಗರಾಜನ ಮಗನ ಬೈಕು ನಿಲ್ಲುತ್ತದೆ. ಬಿದಿರಿನ ಚಂದ್ರಿಕೆ ಹೋಗಿ ಪ್ಲಾಸ್ಟಿಕ್ಕಿನದು ಬಂದಿದೆ. ತಾತ ಇಲ್ಲ, ಬದುವೂ ಇಲ್ಲ. ಜಡ್ಜ್ ಆಗದ ಜಯಕ್ಕ ಮಾಗಡಿಯಲ್ಲಿ ಹುಳ ಸಾಕುತ್ತಾಳೆ. ಅವಳ ಮಗಳು ಕಾನೂನು ಓದುತ್ತಿದ್ದಾಳೆ.

ಮೊನ್ನೆ ಯಾವುದೋ ಕೇಸಿನಲ್ಲಿ ಸಾಕ್ಷಿ ಹೇಳಲೆಂದು ಕನಕಪುರದ ಕೋರ್ಟಿಗೆ ಹೋಗಿದ್ದೆ. ಪೀಠದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೂತಿದ್ದರು. ಯಾರಾದರೂ "ಹೆಣ್ಣ್ ಜಡ್ಜಾ?" ಎನ್ನುತ್ತಾರೇನೋ ಎಂದು ಕಿವಿಗೊಟ್ಟು ಕಾದೆ. ಪಕ್ಕದ ಮುದುಕರು ಫ್ಯಾನು ತಿರುಗುತ್ತಿಲ್ಲವೆಂದು ಬೈದರು, ಅಷ್ಟೇ. ಆಕೆ ನಮಗೆ ವಾಯಿದೆ ಕೊಟ್ಟರು.

ತಾತನ ಆ ಬೆರಗು ನಮ್ಮ ಸೀಮೆಯಿಂದ ಎಲ್ಲೋ ಕಳೆದುಹೋಗಿದೆ. ಅದನ್ನು ಹುಡುಕಿಸಿಕೊಡಿ ಎಂದು ನಾನಂತೂ ಯಾವ ಕೋರ್ಟಿಗೂ ಹೋಗುವುದಿಲ್ಲ.