ಇಬ್ಬರಿಗೆ ಮಾತ್ರ ಕೇಳಿದ ದನಿ

ಇಂಥ ವಿಷಯಗಳನ್ನು ಹೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ಸಸಾರ. ಯಾರಾದರೂ ದೆವ್ವ ಕಂಡೆ, ಇಲ್ಲದವರ ಮಾತು ಕೇಳಿಸಿತು ಎಂದರೆ ಹೊಟ್ಟೆ ಕೆಟ್ಟಿರಬೇಕು ಎಂದು ನಕ್ಕು ಎದ್ದು ಹೋಗುತ್ತಿದ್ದೆ. ಕೆಲಸದಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಕಾರಣವಿಲ್ಲದೆ ಎಲೆಯೂ ಅಲುಗುವುದಿಲ್ಲ ಎಂದು ಅವರ ಮುಂದೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತನ್ನು ಈಗಲೂ ಬಿಟ್ಟಿಲ್ಲ. ಆದರೆ ಒಂದು ಸಂಜೆ ನನ್ನ ಕಿವಿಯಾರೆ ಕೇಳಿದ್ದನ್ನು ಕೇಳಲೇ ಇಲ್ಲ ಎನ್ನುವುದಕ್ಕೂ ಇವತ್ತಿನವರೆಗೆ ನನ್ನಿಂದಾಗಿಲ್ಲ. ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅರವತ್ತೈದನೇ ಇಸವಿಯ ಯುದ್ಧದ ಕಾಲ ಅದು. ನಾನು ಅರಸೀಕೆರೆ ಕಡೆಯವನು. ಹೊಸನಗರ ತಾಲೂಕಿನ ಒಂದು ಸಣ್ಣ ಊರಿನ ಶಾಲೆಗೆ ಮೇಷ್ಟ್ರಾಗಿ ಹೋಗಿ ಕೆಲವೇ ತಿಂಗಳಾಗಿತ್ತು. ಆ ಊರಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಪಂಚಾಯ್ತಿಯಿಂದ ಬಂದ ಆ ಬ್ಯಾಟರಿ ರೇಡಿಯೋವನ್ನು ಶಾಲೆಯ ಜಗಲಿಯಲ್ಲಿಟ್ಟು ಅದರ ಉಸ್ತುವಾರಿಯನ್ನು ನನಗೆ ವಹಿಸಿದ್ದರು. ಅದುವರೆಗೆ ನಾಲ್ಕೈದು ಜನ ಬಂದು ಕೃಷಿ ಕಾರ್ಯಕ್ರಮ ಕೇಳಿ ಹೋಗುತ್ತಿದ್ದರು. ಗಡಿಯಲ್ಲಿ ಕಾಳಗ ಶುರುವಾದದ್ದೇ ತಡ, ಸಂಜೆಯ ವಾರ್ತೆಯ ಹೊತ್ತಿಗೆ ಅಂಗಳದಲ್ಲಿ ಕೂರಲು ಜಾಗವಿಲ್ಲದಷ್ಟು ಜನ ಸೇರತೊಡಗಿದರು.

ಗಡಿ ಅಲ್ಲಿಂದ ಎಷ್ಟು ದೂರ ಎಂದು ಭೂಪಟ ತೂಗುಹಾಕಿ ತೋರಿಸಿದರೂ ಭಯ ಕಡಿಮೆಯಾಗಲಿಲ್ಲ. ಶರಾವತಿಯ ಅಣೆಕಟ್ಟನ್ನು ಹುಡುಕಿಕೊಂಡು ವೈರಿಯ ವಿಮಾನ ಬಂದೇ ಬರುತ್ತದೆ ಎಂದು ಸುದ್ದಿ ಹಬ್ಬಿತ್ತು. ಕತ್ತಲಾಗುತ್ತಲೇ ಲಾಟೀನುಗಳಿಗೆ ಕಾಗದ ಸುತ್ತುತ್ತಿದ್ದರು. ಸಾಗರದ ಪೇಟೆಯಲ್ಲಿ ಪಾಪ, ಯಾರೋ ಜರಡಿ ಮಾರುವವನನ್ನು ಗೂಢಚಾರನೆಂದು ಹಿಡಿದು ಹೊಡೆದಿದ್ದರಂತೆ. ನಾನೂ ಪರ ಊರಿನವನೇ. ರೇಡಿಯೋದ ಗುಂಡಿ ತಿರುಗಿಸುವಾಗ ಹಿಂದಿ, ಉರ್ದು ಏನಾದರೂ ಕೇಳಿಸಿಬಿಟ್ಟರೆ ಹಿಂದಿನಿಂದ ನನ್ನ ಬೆನ್ನನ್ನು ನೋಡುವ ಕಣ್ಣುಗಳು ನನಗೆ ಗೊತ್ತಾಗುತ್ತಿದ್ದವು. ಅದರಲ್ಲೂ ಗಣಪತಿ ಎಂಬ ಯುವಕನೊಬ್ಬ ನನ್ನ ಪಕ್ಕದಲ್ಲೇ ಕಾವಲಿನವನ ಹಾಗೆ ಕೂರುತ್ತಿದ್ದ.

ಊರಿನಿಂದ ಪಟಾಲಮ್ಮಿಗೆ ಹೋದವನು ಒಬ್ಬನೇ, ಹೂವಪ್ಪ. ಗೇಣಿ ಮಾಡುತ್ತಿದ್ದ ತಿಮ್ಮಪ್ಪನವರ ಒಬ್ಬನೇ ಮಗ. ನಾನು ಆ ಊರಿಗೆ ಹೋಗುವುದಕ್ಕೆ ಮೊದಲೇ ಅವನು ರಜೆ ಮುಗಿಸಿ ಹೋಗಿದ್ದ. ಅವನ ಮುಖವನ್ನು ನಾನು ನೋಡಿರಲಿಲ್ಲ, ಮಾತನ್ನು ಕೇಳಿರಲಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ. ಅವನ ಹೆಂಡತಿ ಪಾರ್ವತಿ ದಿನಾ ವಾರ್ತೆಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ವಾರ್ತೆ ಮುಗಿದ ಮೇಲೆ, “ಇವರ ಹೆಸ್ರು ಹೇಳಿದ್ರಾ ಮೇಷ್ಟ್ರೇ?” ಎಂದು ಕೇಳುವಳು. ರೇಡಿಯೋದಲ್ಲಿ ಒಬ್ಬೊಬ್ಬ ಸಿಪಾಯಿಯ ಹೆಸರು ಹೇಳುವುದಿಲ್ಲಮ್ಮ ಎಂದು ನಾನು ಹೇಳುವೆ. ಮರುದಿನ ಮತ್ತೆ ಬಂದು ಅದನ್ನೇ ಕೇಳುವಳು.

ಹೂವಪ್ಪ ಕಾಣೆಯಾಗಿದ್ದಾನೆ ಎಂದು ಸರ್ಕಾರದ ತಂತಿ ಬಂತು. ಅಷ್ಟರಲ್ಲಿ ಯುದ್ಧ ನಿಂತಿತೆಂದು ವಾರ್ತೆಯಲ್ಲಿ ಹೇಳಿದರು. ಹೇಳಿದ ಮೇಲೂ ಗಡಿಯಲ್ಲಿ ಅಲ್ಲಲ್ಲಿ ಗುಂಡು ಹಾರುತ್ತಲೇ ಇತ್ತು. ದಸರೆ ಕಳೆದ ಮೇಲೆ ತೀರ್ಥಹಳ್ಳಿಯ ಒಬ್ಬ ಸಿಪಾಯಿ, ಹೂವಪ್ಪನ ಜೊತೆಗಾರ, ಗಾಯವಾದ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು ತಿಮ್ಮಪ್ಪನವರ ಮನೆ ಹುಡುಕಿಕೊಂಡು ಬಂದ. ಹೂವಪ್ಪ ಇದ್ದ ಜಾಗಕ್ಕೇ ಷೆಲ್ಲು ಬಿದ್ದದ್ದನ್ನು ತಾನು ಕಂಡೆ, ತಿರುಗಿ ನೋಡಿದರೆ ಬರೀ ಹೊಗೆ ಎಂದ. ಅಷ್ಟು ಹೇಳಿ ಆ ಹುಡುಗ ಗೊಳೋ ಎಂದು ಅತ್ತನಂತೆ.

ಅವನು ಹೋದ ಮೇಲೆ ತಿಮ್ಮಪ್ಪನವರು ಜೋಯಿಸರನ್ನು ಕಂಡು ಬಂದರು. ಹೆಣವಿಲ್ಲದಿದ್ದರೆ ದರ್ಭೆಯಲ್ಲಿ ಆಕೃತಿ ಮಾಡಿ ಸುಟ್ಟು ಕರ್ಮ ಮಾಡಬಹುದು ಎಂದು ಅವರು ಹೇಳಿದ್ದರು. ದಿನವೂ ನಿಗದಿಯಾಯಿತು. ನಾನು ತಿಮ್ಮಪ್ಪನವರ ಹತ್ತಿರ, ಇನ್ನೂ ಸ್ವಲ್ಪ ಕಾಯಬಹುದಿತ್ತಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ.

“ಆ ಹುಡ್ಗಿ ದಿನಾ ಬಾಗ್ಲಲ್ಲಿ ನಿಂತ್ಕತ್ತದೆ ಮೇಷ್ಟ್ರೇ. ಬಸ್ಸಿನ್ ಶಬ್ದ ಆದ್ರೆ ಓಡ್ತದೆ. ನಂಗೆ ನೋಡಕ್ಕಾಗಲ್ಲ. ಹೋದ ಅಂತ್ಲಾದ್ರೂ ಗಟ್ಟಿ ಆಗ್ಲಿ, ಅತ್ತು ಮುಗೀಲಿ,” ಎಂದರು.

ಕರ್ಮದ ಹಿಂದಿನ ದಿನದ ಸಂಜೆ. ಮಳೆಯಿರಲಿಲ್ಲ, ಇನ್ನೂ ಬೆಳಕಿತ್ತು. ಮರುದಿನ ಬಳೆ ಒಡೆಯುವವರೆಗೂ ತಾನು ಮುತ್ತೈದೆಯೇ ಎನ್ನುವ ಹಾಗೆ ಪಾರ್ವತಿ ಕುಂಕುಮ ಇಟ್ಟುಕೊಂಡು ಬಂದು ಅದೇ ಕಂಬದ ಬಳಿ ನಿಂತಳು. ಯಾರೂ ಅವಳ ಮುಖ ನೋಡಲಿಲ್ಲ. ತಿಮ್ಮಪ್ಪನವರೂ ಬಂದಿದ್ದರು. ವಾರ್ತೆ ನಡೆಯುತ್ತಿದ್ದ ಹಾಗೆ ಎಂದಿನಂತೆ ಸ್ಟೇಷನ್ ಜಾರಿತು. ಬರೀ ಬುಸುಬುಸು ಸದ್ದು. ನಾನು ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ ಕಿವಿ ಹತ್ತಿರ ತಂದೆ.

ಆಗ ಒಬ್ಬ ಗಂಡಸಿನ ದನಿ ಬಂತು. ವಾರ್ತೆ ಓದುವವರ ದನಿಯಲ್ಲ. ಕುಲುಮೆಯ ತಿದಿ ಹರಿದು ಗಾಳಿ ಸೋರುವ ಹಾಗೆ ಒಡೆದ, ಗೊಗ್ಗರು ದನಿ. ಒಂದೊಂದು ಪದವನ್ನೂ ಕಷ್ಟಪಟ್ಟು ಎತ್ತಿ ಇಟ್ಟ ಹಾಗೆ ಹೇಳಿತು:

“ಪಾತೂ... ನಾ ಬತ್ತೀನಿ. ಎಮ್ಮೆ ಕೊಡ್ಬೇಡಿ.”

ಮತ್ತೆ ಬುಸುಬುಸು. ತಲೆಯೆತ್ತಿದರೆ ಕಂಬದ ಬಳಿ ಪಾರ್ವತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ. ನಮ್ಮಿಬ್ಬರನ್ನು ಬಿಟ್ಟರೆ ಅಂಗಳದಲ್ಲಿ ಯಾರೂ ಏನನ್ನೂ ಕೇಳಿಸಿಕೊಂಡ ಹಾಗಿರಲಿಲ್ಲ. ಒಬ್ಬರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಗಣಪತಿ, “ಬೇಗ ಹಿಡೀರಿ ಮೇಷ್ಟ್ರೇ, ಸುದ್ದಿ ಮುಗಿದೋಗ್ತದೆ,” ಎಂದ.

“ಕೇಳಿಸಲಿಲ್ವಾ ನಿಮಗೆ?” ಎಂದೆ.

“ಎಂತ ಕೇಳ್ಸದು? ಬರೀ ಗಾಳಿ.”

“ಅವ್ರು ಮಾತಾಡಿದ್ರು,” ಎಂದಳು ಪಾರ್ವತಿ. ಮಾವನ ಎದುರು ಅವಳು ಬಾಯಿಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಗಲಾಟೆ ಎದ್ದಿತು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹೆಂಗಸರು ಅವಳನ್ನು ಹಿಡಿದುಕೊಂಡರು. ನಾನು ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ಬೆಳಗಾದರೆ ಅವಳ ಬಳೆ ಒಡೆಯುತ್ತಾರೆ. ಬಾಯಿಬಿಟ್ಟರೆ, ಅದೂ ಆ ದಿನಗಳಲ್ಲಿ, ನನ್ನ ಗತಿ ಏನಾಗುತ್ತದೋ ಗೊತ್ತಿಲ್ಲ. “ನನಗೂ ಕೇಳಿಸಿತು,” ಎಂದೆ. ಗಣಪತಿ ಎದ್ದು ನನ್ನ ಅಂಗಿಯ ತೋಳು ಹಿಡಿದ.

“ಆ ಕಡೆಯವ್ರ ಸ್ಟೇಷನ್ ಹಾಕಿ ನಮ್ ಹೆಂಗಸ್ರಿಗೆ ಆಟ ಕಟ್ತೀರಾ? ಯಾರ್ರೀ ನೀವು?”

ಹಿಂದಿನಿಂದ ಇನ್ನಿಬ್ಬರು ಎದ್ದರು. ಊರಿನ ಯಜಮಾನ ಕೆರಿಯಪ್ಪನವರು ಅಡ್ಡ ಬರದಿದ್ದರೆ ಅವತ್ತು ಏಟು ಬೀಳುತ್ತಿತ್ತು. ಅವರು ನಿಧಾನಸ್ಥರು. “ತಡಿರಾ,” ಎಂದು ಎಲ್ಲರನ್ನೂ ಕೂರಿಸಿದರು. ಆಮೇಲೆ, “ಇಬ್ರಿಗೂ ಕೇಳ್ಸಿದ್ ಹೌದಾದ್ರೆ ಇಬ್ರೂ ಒಂದೇ ಹೇಳ್ಬೇಕು. ಬೇರೆಬೇರೆ ಕೇಳಣ,” ಎಂದರು. ಅವರ ಹೆಂಡತಿ ಪಾರ್ವತಿಯನ್ನು ಶಾಲೆಯ ಕೋಣೆಯೊಳಗೆ ಕರೆದುಕೊಂಡು ಹೋಗಿ ಕದ ಹಾಕಿಕೊಂಡರು. ಕೆರಿಯಪ್ಪನವರು ನನ್ನನ್ನು ಬಾವಿಕಟ್ಟೆಗೆ ಕರೆದರು. ಕೇಳಿದ್ದನ್ನು ಅವರ ಕಿವಿಯಲ್ಲಿ ಹೇಳಿದೆ. ದನಿ ಹೇಗಿತ್ತು ಎಂದರು. ಅದನ್ನೂ ಹೇಳಿದೆ.

ಅಂಗಳಕ್ಕೆ ತಿರುಗಿ ಬಂದೆವು. ನಿಜ ಹೇಳಬೇಕೆಂದರೆ, ಅವಳು ಬೇರೇನಾದರೂ ಹೇಳಿರಲಿ, ನನ್ನ ಕಿವಿಯದೇ ತಪ್ಪೆಂದು ಆಗಿಬಿಡಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಕದ ತೆರೆದು ಹೊರಗೆ ಬಂದ ಕೆರಿಯಪ್ಪನವರ ಹೆಂಡತಿ ಎಲ್ಲರೆದುರು ಹೇಳಿದರು:

“ಪಾತೂ, ನಾ ಬತ್ತೀನಿ, ಎಮ್ಮೆ ಕೊಡ್ಬೇಡಿ ಅಂದ್ರಂತೆ. ಹೂವಪ್ಪನ್ ಮಾತೇ ಅಂತೆ. ಆದ್ರೆ ದನಿ ಒಡ್ದು ಹೋಗಿತ್ತಂತೆ, ಗಾಳಿ ಸೋರ್ದಂಗೆ.”

ಕೆರಿಯಪ್ಪನವರು ಪೇಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತುಬಿಟ್ಟರು. ಅದನ್ನು ನೋಡಿಯೇ ಜನಕ್ಕೆ ಅರ್ಥವಾಯಿತು. ಗಣಪತಿ ನನ್ನ ಪಕ್ಕ ಬಿಟ್ಟು ದೂರ ಹೋಗಿ ಕೂತ.

ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ತಿಮ್ಮಪ್ಪನವರು. “ಎಮ್ಮೆ ವಿಷ್ಯ ಯಾರಿಗ್ ಗೊತ್ತಿತ್ತು?” ಎಂದು ಒಬ್ಬೊಬ್ಬರನ್ನೂ ಕೇಳಿದರು. ಕರ್ಮದ ಖರ್ಚಿಗೆಂದು ಅವರು ಅವತ್ತೇ ಹೊಸನಗರದ ಪೇಟೆಯಲ್ಲಿ, ಆನಂದಪುರದ ಕಡೆಯ ಒಬ್ಬನಿಗೆ ಮನೆಯ ಎಮ್ಮೆಯನ್ನು ಕೊಡುವುದಾಗಿ ಮಾತು ಕೊಟ್ಟು, ನೇರವಾಗಿ ಶಾಲೆಗೆ ಬಂದಿದ್ದರು. ಸೊಸೆಗೂ ಹೇಳಿರಲಿಲ್ಲ. ಇನ್ನು ‘ಪಾತೂ’ ಎನ್ನುವುದು ಗಂಡ ಹೆಂಡತಿ ಇಬ್ಬರೇ ಇದ್ದಾಗಿನ ಹೆಸರು, ಮಾವನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

“ನಾಳೆದು ಬ್ಯಾಡ,” ಎಂದರು ತಿಮ್ಮಪ್ಪನವರು. ಜೋಯಿಸರಿಗೆ ಹೇಳಿ ಕಳಿಸಿದರು.

ಆದರೆ ನೆಮ್ಮದಿಯೇನೂ ಬರಲಿಲ್ಲ. ಯಾರೋ ದೂರು ಕೊಟ್ಟು ಪೊಲೀಸಿನವರು ಬಂದು ರೇಡಿಯೋ ತೆಗೆದುಕೊಂಡು ಹೋದರು. ನನ್ನನ್ನೂ ಕೂರಿಸಿ ವಿಚಾರಿಸಿದರು. ದೀಪಾವಳಿ ಹೋಯಿತು, ಹೂವಪ್ಪನ ಸುದ್ದಿಯಿಲ್ಲ. ಜನ ಮೆಲ್ಲಗೆ ಮಾತು ಬದಲಿಸಿದರು. ಮೇಷ್ಟ್ರು ಒಂದು ಮನೆಯನ್ನು ಅತ್ತ ಸಾವಿಗೂ ಇಲ್ಲ, ಇತ್ತ ಬದುಕಿಗೂ ಇಲ್ಲ ಎನ್ನುವ ಹಾಗೆ ನಿಲ್ಲಿಸಿದರು ಎಂದು ನನ್ನ ಕಿವಿಗೇ ಬೀಳುವಂತೆ ಹೇಳಿದರು. ತಿಮ್ಮಪ್ಪನವರು ಎದುರಾದರೆ ಬೇರೆ ದಾರಿ ಹಿಡಿಯುತ್ತಿದ್ದರು. ನಾನು ನನಗೆ ಒಂದು ಸಮಾಧಾನ ಹೇಳಿಕೊಂಡಿದ್ದೆ: ಆ ಕಡೆಯವರು ಸೆರೆಸಿಕ್ಕ ಸಿಪಾಯಿಗಳಿಂದ ರೇಡಿಯೋದಲ್ಲಿ ಮಾತಾಡಿಸುವುದುಂಟಂತೆ, ಹಾಗೆ ಅವನದೂ ಬಂದಿರಬೇಕು, ಬೇರೆಯವರು ಗಮನ ಕೊಟ್ಟು ಕೇಳಿಲ್ಲ. ಎಮ್ಮೆಯ ಮಾತಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.

ಮುಂದಿನ ವರ್ಷದ ಮೊದಲಿನಲ್ಲಿ ಎರಡು ದೇಶಗಳಿಗೂ ಒಪ್ಪಂದವಾಗಿ ಕೈದಿಗಳನ್ನು ಬಿಟ್ಟುಕೊಟ್ಟರು. ಹೂವಪ್ಪ ಬದುಕಿದ್ದಾನೆಂದು ತಂತಿ ಬಂತು. ಅವನು ಸಾಗರದ ಬಸ್ಸಿನಲ್ಲಿ ಬಂದಿಳಿದ ದಿನ ಊರಿಗೆ ಊರೇ ರಸ್ತೆಯಲ್ಲಿತ್ತು. ನಾನು ದೂರದಲ್ಲಿ ನಿಂತಿದ್ದೆ. ಸವೆದು ಹೋದ ಮನುಷ್ಯ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ. ತಂದೆಯನ್ನು ಹಿಡಿದುಕೊಂಡು ತುಂಬ ಹೊತ್ತು ನಿಂತ. ಪಾರ್ವತಿ ಅಳಲಿಲ್ಲ. ಅವನ ಕೈಯ ಟ್ರಂಕನ್ನು ಇಸಿದುಕೊಂಡು ಪಕ್ಕದಲ್ಲಿ ನಿಂತಳು. ಆಮೇಲೆ ಅವಳೇ ನನ್ನ ಕಡೆ ತೋರಿಸಿ ಏನೋ ಹೇಳಿದಳು. ಅವನು ಹತ್ತಿರ ಬಂದು, “ನೀವೇನಾ ಮೇಷ್ಟ್ರು?” ಎಂದ.

ಅದೇ ದನಿ. ಹರಿದ ತಿದಿಯ ದನಿ.

ಕೆಲವು ದಿನ ಬಿಟ್ಟು ಕೇಳಿದೆ, ನಿನ್ನನ್ನು ಮೈಕಿನ ಮುಂದೆ ಕೂರಿಸಿ ಮಾತಾಡಿಸಿದ್ದರಾ ಎಂದು. ಅವನು ಮಫ್ಲರ್ ಬಿಚ್ಚಿ ಗಂಟಲ ಗಾಯ ತೋರಿಸಿದ.

“ಷೆಲ್ಲಿನ್ ಚೂರು ಇಲ್ಲಿ ಹೊಕ್ಕಿತ್ತು. ಆ ಕಡೆ ಡಾಕ್ಟ್ರು ನಳಿಗೆ ಹಾಕಿ ಉಳಿಸಿದ್ರು. ಕೈಗೂ ಪಟ್ಟಿ, ಬರೆಯಕ್ಕೂ ಬರ್ತಿರ್ಲಿಲ್ಲ. ನಾ ಯಾರು ಅಂತ್ಲೇ ಅವ್ರಿಗ್ ಗೊತ್ತಿರ್ಲಿಲ್ಲ. ದೀಪಾವಳಿ ಕಳೆದು ಎಷ್ಟೋ ದಿನದ ತನ್ಕ ಕೂಗಿದ್ರೂ ಬರೀ ಗಾಳಿ. ಆಮೇಲೆ ನಳಿಗೆ ತೆಗೆದ್ ಮೇಲೆ ಈ ದನಿ ಬಂತು. ಮೊದ್ಲಿನ್ ದನಿ ಇದಲ್ಲ.”

ಎಮ್ಮೆಯ ವಿಷಯ ಕೇಳಿದೆ. ಎಮ್ಮೆಯ ಯೋಚನೆ ತನಗೆ ಒಂದು ಸಲವೂ ಬಂದಿರಲಿಲ್ಲ, ಬರೀ ನೀರಿನದೇ ಧ್ಯಾನ ಎಂದು ನಕ್ಕ.

ಇನ್ನೊಂದು ದಿನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಅವನೇ ಶಾಲೆಗೆ ಬಂದ. ಬೆಂಚಿನ ತುದಿಯಲ್ಲಿ ಕೂತ. ಆಮೇಲೆ ಹೇಳಿದ:

“ಅವ್ಳನ್ ಕೇಳಿದ್ರೆ ನಾನೇ ಮಾತಾಡಿದ್ದು ಅಂತಾಳೆ, ಅಷ್ಟಕ್ಕೇ ಸುಮ್ನಾಗ್ತಾಳೆ. ನೀವು ಓದಿದವ್ರು. ನಿಜ ಹೇಳಿ ಮೇಷ್ಟ್ರೇ, ಅವತ್ತು ಕೇಳ್ಸಿದ್ದು ಈ ದನಿನೇನಾ?”

“ಇದೇ,” ಎಂದೆ.

“ಅವತ್ತು ಈ ದನಿ ನನ್ ಹತ್ರನೇ ಇರ್ಲಿಲ್ವಲ್ಲ,” ಎಂದ. ಯುದ್ಧ ಮಾಡಿ ಬಂದ ಆ ಮನುಷ್ಯನ ಮುಖದಲ್ಲಿ ನಾನು ಹೆದರಿಕೆ ಕಂಡೆ. “ಹಂಗಾದ್ರೆ ಮಾತಾಡಿದ್ದು ಯಾರು?”

ಅವನು ಮಫ್ಲರ್ ಬಿಗಿಯಾಗಿ ಸುತ್ತಿಕೊಂಡು ಎದ್ದು ಹೋದ. ಆಮೇಲೆ ನನಗೆ ತೀರ್ಥಹಳ್ಳಿ ಕಡೆಗೆ ವರ್ಗವಾಯಿತು. ಆ ಪ್ರಶ್ನೆಗೆ ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ಇವತ್ತೂ ಇಲ್ಲ.